ಗುರುಗಳ ಮುಷ್ಟಿಯಲ್ಲಿ ಏನಿತ್ತು

ಗುರುಗಳ ಮುಷ್ಟಿಯಲ್ಲಿ ಏನಿತ್ತು, ಹೇಳಿ ನೋಡೋಣ.

ಬೆಲ್ಲ ಅಂದಿರಾ? ಅಲ್ಲ. ಖಾಲಿ ಅಂದಿರಾ? ಅದೂ ಅಲ್ಲ. ನಿಮಗೆ ಗೊತ್ತಾಗಲ್ಲ ಬಿಡಿ, ಪಕ್ಕದಲ್ಲೇ ಇದ್ದ ತಿರುಕಪ್ಪನಿಗೇ ಗೊತ್ತಾಗಲಿಲ್ಲ.

ತಿರುಕಪ್ಪ ಹೊಳೆದಂಡೆಯ ಆಶ್ರಮದಲ್ಲಿ ಶಿಷ್ಯ. ಅಲ್ಲಿ ಗುರುಗಳು ತೊದಲು ಮಾತಿನ ಮಕ್ಕಳಿಗೆ ಪದದ ಮೊದಲ ಸ್ವರ ಗುರುತಿಸುವುದನ್ನು ಕಲಿಸುತ್ತಿದ್ದರು. ಸ್ಲೇಟಿಲ್ಲ, ಬಳಪವಿಲ್ಲ. ಕಿವಿ ಅಷ್ಟೇ.

“ನಾಳೆ ಪಾಠ ನಿನ್ನದು,” ಎಂದರು ಗುರುಗಳು. “ಆಗದಿದ್ದರೆ ಊರಿಗೆ ಹೊರಡು.”

ತಿರುಕಪ್ಪ ಹೆದರಿ, ಅಂದಿನ ಪಾಠವನ್ನು ಕಂಬದ ಮರೆಯಿಂದ ನೋಡಿದ.

ಗುರುಗಳು “ಆ…” ಎಂದು ಎಳೆದು ಮುಷ್ಟಿ ಮುಚ್ಚಿದರು. ಮಕ್ಕಳು ಮುಷ್ಟಿಯನ್ನೇ ನೋಡುತ್ತ “ಆ…” ಎಂದವು. ಆಮೇಲೆ ಬೆರಳು ಬಿಡಿಸಿ “ಆನೆ” ಎಂದರು.

ಇಲಿಗೂ ಹಾಗೇ, ಊಟಕ್ಕೂ ಹಾಗೇ.

ಓಹೋ, ಅಂದುಕೊಂಡ ತಿರುಕಪ್ಪ. ಮುದುಕ ಮುಷ್ಟಿಯಲ್ಲಿ ಸಿಹಿ ಬಚ್ಚಿಟ್ಟು ಮಕ್ಕಳಿಗೆ ಲಂಚ ಕೊಡ್ತಾನೆ.

ಮರುದಿನ ತಾನೂ ಮುಷ್ಟಿಯಲ್ಲಿ ಬೆಲ್ಲ ಹಿಡಿದು ಕೂತ.

“ಆನೆ ಯಾವುದರಿಂದ ಶುರುವಾಗುತ್ತೆ?”

“ಸೊಂಡ್ಲಿಂದ,” ಎಂದಳು ಎಲ್ಲರಿಗಿಂತ ಚಿಕ್ಕವಳಾದ ನಿಂಗಿ.

“ಊಟ?”

“ಕೈ ತೊಳೆಯೋದ್ರಿಂದ.”

ಅಷ್ಟರಲ್ಲಿ ಬೆಲ್ಲದ ವಾಸನೆ ಹತ್ತಿತು. ಮಕ್ಕಳು ಅವನ ಮೈಮೇಲೆ ಹತ್ತಿ ಬೆರಳು ನೆಕ್ಕಿದವು. ಸ್ವರ ಯಾರಿಗೆ ಬೇಕು?

ತಿರುಕಪ್ಪ ಬಟ್ಟೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

“ಹೊರಡೋ ಮುಂಚೆ ಒಂದು ಹೇಳಿಬಿಡಿ. ಮುಷ್ಟಿಯಲ್ಲಿ ಏನಿಟ್ಕೋತೀರಿ? ದ್ರಾಕ್ಷಿಯಾ?”

“ಕಂಬದ ಹಿಂದೆ ನಿಂತಿದ್ದೆಯಲ್ಲ, ಏನು ಕೇಳಿಸಿತು?”

“ಕೇಳಿಸ್ಕೊಳ್ಳೋಕೆ ಎಲ್ಲಿ ಪುರುಸೊತ್ತು? ನಿಮ್ಮ ಬೆರಳು ಕಾಯ್ತಿದ್ದೆ.”

ಗುರುಗಳು ನಿಂಗಿಯನ್ನು ಕರೆದರು. “ಆ…” ಎಂದು ಮುಷ್ಟಿ ಮುಚ್ಚಿದರು.

“ಇದರಲ್ಲಿ ಏನಿದೆ ಮಗಾ?”

“ನೆ,” ಎಂದಳು ನಿಂಗಿ.

“ಇವಳಿಗೆ ಮೊದಲೇ ಹೇಳ್ಕೊಟ್ಟಿದ್ದೀರಿ,” ಎಂದ ತಿರುಕಪ್ಪ.

“ನಿನ್ನ ಅನುಮಾನವನ್ನೂ ಸ್ವಲ್ಪ ಹೊತ್ತು ಹೀಗೇ ಮುಚ್ಚಿ ಹಿಡಿ,” ಎಂದರು ಗುರುಗಳು. “ಮೊದಲು ಬಂದ ಸ್ವರ ಆಗ ಕೇಳಿಸುತ್ತೆ. ಗಂಟು ಇಳಿಸು. ನಾಳೆಯಿಂದ ನಿಂಗಿ ಪಕ್ಕ ಕೂತ್ಕೋ.”

ಈ ಕೊನೆ ನಾನು ಕಟ್ಟಿದ್ದು. ಪಾಪ, ಅವನನ್ನು ಕಳಿಸೋಕೆ ಮನಸ್ಸು ಬರಲಿಲ್ಲ.

ನಾನು ಕೇಳಿದ ಕಥೆಯಲ್ಲಿ ನಿಂಗಿ ‘ನೆ’ ಅಂದಮೇಲೆ ತಿರುಕಪ್ಪ ತಲೆ ಕೆರೆದುಕೊಂಡು, “ಈಗ ನಾನು ಊಟಕ್ಕೆ ಇರ್ಲಾ, ಊರಿಗೆ ಹೋಗ್ಲಾ?” ಎಂದು ಕೇಳಿದ.

ಗುರುಗಳು ಮುಷ್ಟಿ ಮುಚ್ಚಿದರು.

“ಊ…”