ಗುದ್ದಲಿಗೆ ಹಚ್ಚಿದ ವಿಭೂತಿ

ಎರೆಹೊಸೂರಿನ ಮಠವೆಂದರೆ ಆಗ ನಾಲ್ಕು ಮಣ್ಣಿನ ಗೋಡೆ, ಮೇಲೊಂದು ಮಾಳಿಗೆ, ಹಿತ್ತಲಲ್ಲಿ ಕಾಯಿಪಲ್ಲೆಯ ಮಡಿ. ಪೂಜ್ಯ ಚರಂತಯ್ಯ ಅಜ್ಜನವರು ಶಿವಪೂಜೆ ಮುಗಿಸಿದರೆಂದರೆ ಆ ಮಡಿಯಲ್ಲೇ ಇರುತ್ತಿದ್ದರು. ದರ್ಶನಕ್ಕೆ ಬಂದವರು ಗದ್ದುಗೆಗೆ ಕೈಮುಗಿದು ನೇರವಾಗಿ ಬದನೆಗಿಡಗಳ ಕಡೆ ನಡೆಯುತ್ತಿದ್ದರು.

ಅಜ್ಜನವರ ಕೈಯಲ್ಲಿದ್ದ ಗುದ್ದಲಿಯ ಮೇಲೆ ಊರಿಗೆಲ್ಲ ಕಣ್ಣು. ಎರೆಮಣ್ಣು ಹಿಡಿದರೆ ಬಿಡದ ಜಾತಿ. ಉಳಿದವರ ಗುದ್ದಲಿಗಳು ಎರಡು ಮಳೆಗಾಲಕ್ಕೇ ತುಕ್ಕು ತಿಂದು ಅಂಚು ಉದುರಿಸಿಕೊಳ್ಳುತ್ತಿದ್ದವು. ಅಜ್ಜನವರದು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಭಕ್ತರು ಪವಾಡವೆಂದರು. ಅಷ್ಟಕ್ಕೇ ಸುಮ್ಮನಾಗದೆ, ಯಾರನ್ನೂ ಕೇಳದೆ, ಮಠದ ವಿಭೂತಿಯನ್ನು ಒಯ್ದು ತಂತಮ್ಮ ಗುದ್ದಲಿಗಳಿಗೆ ಬಳಿದರು. ವಿಭೂತಿ ಹಚ್ಚಿದ್ದನ್ನು ತೊಳೆಯುವುದುಂಟೇ? ಶಿವ ಶಿವಾ, ಅಪಚಾರ! ಹೀಗಾಗಿ ಹೊಲದಿಂದ ಬಂದ ಗುದ್ದಲಿ ಮಣ್ಣು ಮೆತ್ತಿಕೊಂಡೇ ಮೂಲೆ ಸೇರತೊಡಗಿತು. ತುಕ್ಕಿಗೆ ಹಬ್ಬವೋ ಹಬ್ಬ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬೈಗುಳವೆಲ್ಲ ಬಂದದ್ದು ಕಮ್ಮಾರ ಮೋನಪ್ಪನಿಗೆ. ಊರಿನ ಗುದ್ದಲಿಗಳೂ ಮಠದ ಗುದ್ದಲಿಯೂ ಅವನ ಕುಲುಮೆಯಲ್ಲೇ ಹುಟ್ಟಿದವು. ಊರಿನ ಹಿರಿಯ ಫಕೀರಗೌಡರು ಕುಲುಮೆಯ ಮುಂದೆ ನಿಂತು, "ಮಠಕ್ಕೊಂದು ಕಬ್ಬಿಣ, ನಮಗೊಂದು ಕಬ್ಬಿಣ ಏನಲೇ ಕಳ್ಳಾ? ಈ ಸುಗ್ಗಿಗೆ ನಿನ್ನ ಆಯ ಬಂದ್!" ಎಂದು ಕೂಗಾಡಿಹೋದರು. ರೈತರು ಸುಗ್ಗಿಯಲ್ಲಿ ಅಳೆದು ಕೊಡುತ್ತಿದ್ದ ಆ ಕಾಳೇ ಮೋನಪ್ಪನ ಮನೆಯ ವರ್ಷದ ಅನ್ನ. ಅದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಕಳ್ಳನೆಂಬ ಮಾತು.

ಮೋನಪ್ಪ ಮಠಕ್ಕೆ ಹೋದದ್ದು ಭಕ್ತಿಯಿಂದಲ್ಲ. ಹುಟ್ಟಿದಾಗಿನಿಂದ ಕಬ್ಬಿಣದೊಡನೆ ಬೆಳೆದವನಿಗೆ ಪವಾಡದ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹಾಗಾದರೆ ಅಜ್ಜನವರು ಮಾಡುವುದೇನು? ಸೊಪ್ಪಿನ ರಸವೋ, ಮಂತ್ರವೋ? ಕೈಯನ್ನೂ ಮುಗಿಯದೆ ಮಡಿಯ ಬದಿಗೆ ಕುಕ್ಕರಗಾಲಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡಿದ.

ಹೊತ್ತು ನೆತ್ತಿಗೇರಿತು. ಪ್ರಸಾದಕ್ಕೆ ಕರೆ ಬಂದು ಎಲ್ಲರೂ ಎದ್ದರು. ಅಜ್ಜನವರು ಮಾತ್ರ ನೀರು ತುಂಬಿದ ಕಲ್ಲುದೋಣಿಯ ಹತ್ತಿರ ಕುಳಿತರು. ಕಟ್ಟಿಗೆಯ ಚೂರಿನಿಂದ ಗುದ್ದಲಿಯ ಮಣ್ಣು ಕೆರೆದರು, ತೆಂಗಿನ ನಾರಿನಿಂದ ತಿಕ್ಕಿ ತೊಳೆದರು, ತಮ್ಮ ಹೆಗಲ ಕಾವಿವಸ್ತ್ರದ ಅಂಚಿನಿಂದ ಒರೆಸಿದರು. ಬೆರಳಿಗೆ ಚೂರು ಕುಸುಬೆ ಎಣ್ಣೆ ತೆಗೆದುಕೊಂಡು ಸವರಿದರು. ಹಿಡಿಕೆ ಅಲ್ಲಾಡಿಸಿ, ಸಡಿಲಾಗಿದ್ದ ಬೆಣೆಯನ್ನು ಕಲ್ಲಿನಿಂದ ಕುಟ್ಟಿದರು. ಆಮೇಲೆ ತಮ್ಮ ಕಾಲು ತೊಳೆದುಕೊಂಡರು.

ಮೋನಪ್ಪ ಮಂತ್ರಕ್ಕಾಗಿ ಕಾದ. ಬರಲಿಲ್ಲ.

"ಆಮ್ಯಾಲ ಏನ್ರಿ ಅಜ್ಜಾರ?"

"ಆಮ್ಯಾಲ ಊಟ," ಎಂದರು ಅಜ್ಜನವರು.

ಮೋನಪ್ಪನಿಗೆ ನಗು ಬರಬೇಕಿತ್ತು, ಅಳು ಬಂತು. "ಇಷ್ಟಕ್ಕ ನನ್ನ ಮಾನ ಹೋತಲ್ರಿ!" ಎಂದು ಗೌಡರ ಮಾತು, ಆಯ, ಗುದ್ದಲಿಗೆ ಬಳಿದ ವಿಭೂತಿ ಎಲ್ಲವನ್ನೂ ಹೇಳಿದ. ವಿಭೂತಿಯ ಸಂಗತಿ ಅಜ್ಜನವರಿಗೆ ಗೊತ್ತೇ ಇರಲಿಲ್ಲ. ಅವರ ಮುಖ ಸಣ್ಣದಾಯಿತು. ಊಟಕ್ಕೆ ಹೋಗದೆ, ಗುದ್ದಲಿಯನ್ನು ಹೆಗಲಿಗೇರಿಸಿ, "ನಡೀ," ಎಂದರು.

ಅಜ್ಜನವರೇ ಮನೆಗೆ ಬಂದದ್ದು ಕಂಡು ಫಕೀರಗೌಡರು ಗಾಬರಿಯಾಗಿ ಬಾಗಿಲಿಗೆ ಬಂದರು. ಅಜ್ಜನವರು ದನದ ಕೊಟ್ಟಿಗೆಯ ಮೂಲೆಯಿಂದ ಗೌಡರ ಗುದ್ದಲಿಯನ್ನು ತಾವೇ ತೆಗೆದು, ನೆಲದ ಮೇಲೆ ಕುಳಿತು ಕೆರೆಯತೊಡಗಿದರು.

"ಅಜ್ಜಾರ, ಅದರ ಮ್ಯಾಲ ನಿಮ್ಮ ವಿಭೂತಿ ಐತ್ರಿ!"

"ವಿಭೂತಿ ಹಣಿಗೆ, ಗೌಡ. ದುಡಿದು ಬಂದದ್ದಕ್ಕ ನೀರು."

ಮಣ್ಣು ಹೋಯಿತು. ಕಲ್ಲಿನಿಂದ ತಿಕ್ಕಿದಲ್ಲಿ ತುಕ್ಕೂ ಹೋಗಿ, ಒಳಗಿನ ಕಬ್ಬಿಣ ಬೆಳ್ಳಗೆ ಕಂಡಿತು. ಅಜ್ಜನವರು ಎರಡೂ ಗುದ್ದಲಿಗಳನ್ನು ಪಕ್ಕಪಕ್ಕ ಇಟ್ಟರು. ಎರಡರದೂ ಒಂದೇ ಕಬ್ಬಿಣ. ಗೌಡರು ತಲೆ ತಗ್ಗಿಸಿ, "ತಪ್ಪಾತು ಮೋನಪ್ಪ. ನಿನ್ನ ಆಯ ನಿನ್ನ ಮನಿಗೇ ಬರತೈತಿ," ಎಂದರು.

ಈ ಮಾತಿಗಾಗಿಯೇ ಮೋನಪ್ಪ ಹಂಬಲಿಸಿದ್ದ. ನಾಲ್ಕು ಬಿರುಸು ಮಾತುಗಳನ್ನೂ ಗೌಡರಿಗೆಂದು ಕೂಡಿಟ್ಟಿದ್ದ. ಆದರೆ ಬಾಯಿ ತೆರೆಯುವಷ್ಟರಲ್ಲಿ ಅಜ್ಜನವರು ಎದ್ದು, ಮಣ್ಣಾದ ಎರಡೂ ಕೈಗಳನ್ನು ಅವನಿಗೇ ಜೋಡಿಸಿದ್ದರು. "ನನ್ನ ಹೆಸರಿನಿಂದ ನಿನಗ ಅಪವಾದ ಬಂತಪ್ಪ. ಕ್ಷಮಿಸು."

ಮೋನಪ್ಪನ ಕೂಡಿಟ್ಟ ಮಾತುಗಳೆಲ್ಲ ಕರಗಿಹೋದವು. ಅವನು ಕೊಟ್ಟಿಗೆಯ ಸೆಗಣಿನೆಲವೆಂಬುದನ್ನೂ ನೋಡದೆ ಆ ಪಾದಗಳ ಮೇಲೆ ಬಿದ್ದು ಮಗುವಿನಂತೆ ಅತ್ತ. ಎದ್ದಾಗ ಗೌಡರ ಗುದ್ದಲಿಯನ್ನು ತಾನೇ ಎತ್ತಿಕೊಂಡು, "ಅಂಚು ತಟ್ಟಿ ಕೊಡತೀನ್ರಿ," ಎಂದ.

ಮುಂದೆ ಪರವೂರಿನವರು, "ಅಜ್ಜಾರ ಪವಾಡ ನೀ ಕಣ್ಣಾರೆ ಕಂಡೀಯಂತಲ್ಲೋ?" ಎಂದು ಕೇಳಿದರೆ ಮೋನಪ್ಪ ಇಲ್ಲವೆನ್ನುತ್ತಿರಲಿಲ್ಲ.

"ಕಂಡೀನ್ರಿ. ತಪ್ಪು ಮಾಡದವರು ಕ್ಷಮಾ ಕೇಳಿದ್ದು ಕಂಡೀನಿ," ಎನ್ನುತ್ತಿದ್ದ.