ಬೀಸುವ ಕಲ್ಲಿನ ಇನ್ನೊಂದು ಬದಿ

ನಿರುಪಾದಿ ಆಶ್ರಮದ ಅಂಗಳಕ್ಕೆ ಓಡಿಕೊಂಡೇ ಬಂದ. ಮುಖ ಊರಗಲವಾಗಿತ್ತು.

“ಅಜ್ಜಾರ, ಮುಗೀತ್ರಿ! ನಲವತ್ತೆರಡು ಮಂದಿ. ಒಬ್ಬರನ್ನೂ ಬಿಟ್ಟಿಲ್ಲ!”

ಹೊಳೆದಂಡೆಯ ಆ ಆಶ್ರಮಕ್ಕೆ ಒಂದು ವೈದ್ಯಶಾಲೆ ಇತ್ತು. ಅಲ್ಲಿ ದುಡಿಯುವವರ ಮನಸ್ಸು ಹೇಗಿದೆ, ಅವರನ್ನೆಲ್ಲ ಒಂದೇ ಸಮ ಕಾಣುತ್ತಾರೋ ಇಲ್ಲವೋ, ವಿಚಾರಿಸಿ ಬಾ ಎಂದು ಗುರು ಶರಭಯ್ಯಜ್ಜ ಈ ಶಿಷ್ಯನನ್ನು ಕಳಿಸಿದ್ದರು. ಮರುದಿನ ಸುತ್ತಲಿನ ವೈದ್ಯರೆಲ್ಲ ಸೇರುವ ಸಭೆ. ಅಲ್ಲಿ ಈ ವರದಿ ಓದಿ ಹೇಳುವವನು ನಿರುಪಾದಿ. ಆ ಹಿಗ್ಗಿಗೆ ಅವನಿಗೆ ಎರಡು ದಿನದಿಂದ ಊಟವೇ ಸೇರಿರಲಿಲ್ಲ.

“ಏನಂದ್ರು?”

“ಚಲೋ ಅದೀವಿ ಅಂದ್ರು. ನಲವತ್ತೆರಡು ಮಂದಿನೂ! ಇಂಥಾ ವೈದ್ಯಶಾಲಿ ನಾಡಿನ್ಯಾಗ ಇನ್ನೊಂದಿಲ್ರಿ.”

“ಎಲ್ಲಿ ನಿಂತು ಕೇಳಿದಿ?”

“ಬಾಗಿಲದಾಗ. ಪಾಪ, ಹಿರೇ ವೈದ್ಯರೂ ಬಿಸಿಲಾಗ ನನ್ನ ಜೋಡೀನ ನಿಂತಿದ್ರು.”

ಅಜ್ಜ ನಕ್ಕರು.

“ಔಷಧ ಬೀಸೋ ತಾಯವ್ವ ಏನಂದಳು?”

“ಆಕಿನೂ ಚಲೋ ಅದೀನಿ ಅಂದಳು.”

“ಆಕಿ ಜೋಡಿ ಬೀಸಾಕಿ ಇವತ್ತು ಬಂದಿಲ್ಲ. ಕಲ್ಲಿನ ಗೂಟಕ್ಕ ಇನ್ನೊಂದು ಕೈ ಬೇಕು. ಹೋಗು.”

“ಅಜ್ಜಾರ, ನಾಳೆ ಸಭಾ! ಬರದದ್ದು ತಿದ್ದಬೇಕು.”

“ಬೀಸಿ ಬಂದು ತಿದ್ದು. ಅಲ್ಲಿ ಏನೂ ಕೇಳಬ್ಯಾಡ.”

ನಿರುಪಾದಿ ಗೊಣಗುತ್ತಲೇ ಹೋದ. ಬರೆದ ಓಲೆಗಳನ್ನು ಬೀಸುವ ಕಲ್ಲಿನ ಮನೆಯ ಕಿಟಕಿಯಲ್ಲಿಟ್ಟು ತಾಯವ್ವನ ಎದುರು ಕುಳಿತ. ನಡುವೆ ಕಲ್ಲು, ಒಂದೇ ಗೂಟ, ಎರಡು ಕೈ.

ಮೊದಲ ಹಿಡಿ ಮೆಣಸಿಗೇ ಅವನು ಏಳು ಸಲ ಸೀನಿದ. ತಾಯವ್ವ ಸೆರಗು ಬಾಯಿಗಿಟ್ಟು ನಕ್ಕಳು.

“ಮೆಲ್ಲಕ ತಿರುವ್ರಿ. ಕಲ್ಲು ಎಲ್ಲೂ ಓಡಿಹೋಗೂದಿಲ್ಲ.”

ಆಮೇಲೆ ಶುಂಠಿ. ಕೈಗೆ ಕೈ ಹೊಂದಿಕೊಂಡಿತು. ಅವಳು ಸಣ್ಣ ದನಿಯಲ್ಲಿ ಪದ ಹಾಡತೊಡಗಿದಳು. ಅರ್ಧಕ್ಕೇ ನಿಲ್ಲಿಸಿದಳು. ಮನುಷ್ಯರಿಗೆ ಹೇಳಲಾಗದ್ದನ್ನು ಕಲ್ಲಿಗೆ ಹೇಳಿಕೊಳ್ಳುವುದು ಆ ಸೀಮೆಯ ಹೆಣ್ಣುಮಕ್ಕಳ ರೂಢಿ. ಅವಳೂ ಕಲ್ಲನ್ನೇ ನೋಡುತ್ತ ಹೇಳಿದಳು.

“ಕಲ್ಲವ್ವಾ, ಔಷಧಕ್ಕಂತ ಇಲ್ಲಿಗೆ ತಂದಿದ್ದ ಆ ಕೂಸು ನನ್ನ ತೊಡಿ ಮ್ಯಾಲ ಜೀವ ಬಿಡ್ತು. ಎರಡು ತಿಂಗಳಾತು, ಕಣ್ಣು ಮುಚ್ಚಿದರ ಅದರ ಮುಖಾನ ಬರತೈತಿ. ವೈದ್ಯರಿಗೆ ಮೂರು ದಿನ ಬಿಡುವು ಕೊಟ್ಟರು. ಅವರೆಲ್ಲಾರೂ ಕೂಡಿ ಕುಂತು ಸಮಾಧಾನ ಮಾಡಿಕೊಂಡರು. ನನ್ನ ಯಾರೂ ಕರೀಲಿಲ್ಲ. ಅವತ್ತೇ ಮಧ್ಯಾಹ್ನ ನಿನ್ನ ಮುಂದ ಕುಂಡರಿಸಿದರು. ಅಮಾಸಿ ಆದ ಮ್ಯಾಲ ಇಲ್ಲಿ ಇರೂದಿಲ್ಲ ನಾ. ಇದ್ದರ ಹುಚ್ಚಿ ಆಗತೀನಿ.”

ಅಮಾವಾಸ್ಯೆಗೆ ನಾಲ್ಕೇ ದಿನವಿತ್ತು. ಅಜ್ಜ ಏನೂ ಕೇಳಬೇಡ ಎಂದಿದ್ದರಲ್ಲ, ನಿರುಪಾದಿ ಕೇಳಲಿಲ್ಲ. ಗೂಟವನ್ನೂ ಬಿಡಲಿಲ್ಲ. ಬುಟ್ಟಿ ಖಾಲಿಯಾಗುವವರೆಗೆ ಬೀಸಿದ.

ಆಮೇಲೆ ಬಿದ್ದಂಬೀಳ ಓಡಿದ. ಅಂಗೈಯಲ್ಲಿ ಬೊಬ್ಬೆ, ಕಣ್ಣಲ್ಲಿ ನೀರು, ಆದರೂ ಎದೆ ಹಿಗ್ಗಿನಿಂದ ಹೊಡೆದುಕೊಳ್ಳುತ್ತಿತ್ತು.

“ಅಜ್ಜಾರ, ಸಿಕ್ತು! ಈಗ ಖರೇನ ಸಿಕ್ತು!”

ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

“ಓಲಿ ಎಲ್ಲಿ?”

“ಅಲ್ಲೇ ಕಿಟಕ್ಯಾಗ ಬಿಟ್ಟು ಬಂದೆ. ಅದರಿಂದ ಉಪಯೋಗ ಇಲ್ರಿ. ನಲವತ್ತೆರಡು ಮಂದೀನೂ ಮತ್ತ ಮಾತಾಡಸ್ತೀನಿ, ಒಬ್ಬೊಬ್ಬರ ಕೆಲಸದಾಗ ಕೈಜೋಡಿಸಿ. ನಾಳೆ ತಾಯವ್ವನ್ನ ಸಭಾಕ್ಕ ಕರಕೊಂಡು ಬರತೀನಿ. ಆಕಿನ ನಿಂತು ಹೇಳಲಿ, ಎಲ್ಲಾರೂ ಕೇಳಲಿ!”

“ಎರಡು ತಿಂಗಳಿಂದ ನಿದ್ದಿ ಇಲ್ಲದಾಕಿನ್ನ ನಾಳೆ ಸಭಾದಾಗ ನಿಂದರಸ್ತೀಯಾ?”

ನಿರುಪಾದಿ ತಲೆ ತಗ್ಗಿಸಿದ. ನಾಚಿಕೆಯಾಯಿತು. ಕೊನೆಗೆ ಮೆಲ್ಲಗೆ ಕೇಳಿದ.

“ಹಂಗಾರ ಸಭಾ, ಅಜ್ಜಾರ?”

ಅಜ್ಜ ಕೋಲು ಊರಿ ಎದ್ದರು. ಅಂಗಿಯ ತೋಳು ಮೇಲೇರಿಸಿಕೊಂಡರು.

“ಕಲ್ಲಿನ ಮನಿಯಾಗ ಆಗಲಿ. ಬಂದ ವೈದ್ಯರೆಲ್ಲ ಸರದಿ ಮ್ಯಾಲ ಗೂಟ ಹಿಡೀಲಿ, ಮೊದಲು ನಾನು. ತಾಯವ್ವಗ ನಾಳಿಂದ ಬಿಡುವು, ಬಾಜೂ ಕೋಣ್ಯಾಗ ಮಲಗಿರತಾಳ. ಮೆಲ್ಲಕ ಬೀಸ್ರಿ ಅಂತ ಎಲ್ಲಾರಿಗೂ ಹೇಳು.”