ಅಂಗಾಲಿಗೆ ಕೇಳಿದ್ದು

ಗಣೇಶನ ಪೆಂಡಾಲ್‌ನಲ್ಲಿ ಆರ್ಕೆಸ್ಟ್ರಾ ಶುರುವಾಗೋ ಮುಂಚೆ ಲೀಡ್ ಗಿಟಾರು ಬೇಸ್ ಗಿಟಾರನ್ನ ರೇಗಿಸ್ತು. "ಇರೋದು ನಾಲ್ಕೇ ತಂತಿ, ಅದೂ ಬರೀ ಡುಮ್ ಡುಮ್. ನೀನಿದ್ದೀಯ ಅಂತ ಜನಕ್ಕೆ ಗೊತ್ತೇ ಆಗಲ್ಲ ಗುರೂ!"

ಬೇಸ್‌ಗೆ ಉರಿದುಹೋಯ್ತು. "ಎರಡನೇ ಚರಣ ಬರ್ಲಿ, ತಂತಿ ಮೇಲೆ ನಿಂಗಿಂತ ಜೋರಾಗಿ ಓಡ್ತೀನಿ."

"ಓಡು ಮಗಾ," ಅಂತು ಹಿಂದೆ ಕೂತಿದ್ದ ಡ್ರಮ್ಮು. "ಆದ್ರೆ ಹಾಡೋಳ ಕಡೆ ಒಂದು ಕಣ್ಣಿಟ್ಕೊಂಡು ಓಡು."

ಹಾಡೋಳು ಸುಗುಣಾ. ಅವಳಿಗೆ ಇದೇ ಮೊದಲನೇ ಪ್ರೋಗ್ರಾಮು. ದೇವರ ಮುಂದೆ ಅಂತ ಚಪ್ಪಲಿ ಕೆಳಗೇ ಬಿಟ್ಟು ಸ್ಟೇಜ್ ಹತ್ತಿದ್ಲು. ಎರಡನೇ ಚರಣಕ್ಕೆ ಸರಿಯಾಗಿ ಅವಳಿಗೆ ವಾದ್ಯಗಳು ಕೇಳ್ಲಿ ಅಂತ ಮುಂದೆ ಇಟ್ಟಿದ್ದ ಸ್ಪೀಕರ್ ಸತ್ತುಹೋಯ್ತು. ಜನರ ಶಿಳ್ಳೆ ಬಿಟ್ಟು ಅವಳಿಗೆ ಏನೂ ಕೇಳಿಸ್ಲಿಲ್ಲ. ತಾಳ ತಪ್ತು, ಹಾಡು ನಿಂತೋಯ್ತು. ಲೀಡ್ ಗಿಟಾರು ಮಾತ್ರ ತನ್ನ ಪಾಡಿಗೆ ತಾನು ಕುಣೀತಾನೇ ಇತ್ತು.

ಬೇಸ್ ಅವಳ ಮುಖ ನೋಡ್ತು. ಓಡೋ ಆಸೆ ನುಂಗ್ಕೊಂಡು, ಡ್ರಮ್ಮಿನ ಏಟಿಗೆ ಸರಿಯಾಗಿ ಡುಮ್, ಡುಮ್ ಅಂತ ಅಷ್ಟೇ ನುಡೀತು. ಸ್ಟೇಜಿನ ಹಲಗೆ ನಡುಗ್ತು. ಆ ನಡುಕ ಸುಗುಣಾಳ ಅಂಗಾಲಿಗೆ ಹತ್ತಿದ್ದೇ ತಡ, ಅವಳು ಕರೆಕ್ಟಾಗಿ ಹಾಡು ಹಿಡಿದ್ಲು.

ಚಪ್ಪಾಳೆಗೆ ಲೀಡ್ ಗಿಟಾರು ಬೀಗ್ತು. "ನೋಡ್ದಾ? ನಿನ್ನ ಸದ್ದು ಯಾರ ಕಿವಿಗೂ ಬೀಳ್ಲಿಲ್ಲ."

ಮುಂದಿನ ಹಾಡಿಗೆ ಸುಗುಣಾ ಲೀಡ್ ಗಿಟಾರಿನ ಪಕ್ಕ ಬಿಟ್ಟು ಬಂದು, ಬೇಸ್ ಮುಂದಿನ ಹಲಗೆ ಮೇಲೆ ಕಾಲೂರಿ ನಿಂತ್ಕೊಂಡ್ಲು.